ಹಳೆಯ ಕಾರಿನ ಬಾನೆಟ್ಟು ಏಕೆ ಕಚ್ಚಿಕೊಳ್ಳುತ್ತದೆ?

ಕಾರಿನ ಎಂಜಿನನ್ನು ಮುಚ್ಚಿರುವ ಲೋಹದ ಮುಚ್ಚಳಕ್ಕೆ ಬಾನೆಟ್ಟು ಎಂದು ಹೆಸರು. ಅದನ್ನು ಬಿಗಿಹಿಡಿದಿರುವ ಕೊಂಡಿ ಬಹಳ ಸಣ್ಣ ಉಪಕರಣ. ಎಂಜಿನಿನ ಶಕ್ತಿಯನ್ನೂ ಗಾಲಿಗಳ ವೇಗವನ್ನೂ ಕುರಿತು ಮಾತನಾಡುವವರು ಈ ಕೊಂಡಿಯ ವಿಷಯವನ್ನು ಎತ್ತುವುದೇ ಇಲ್ಲ. ಅದು ಕೆಲಸಮಾಡುವವರೆಗೆ ಅದರ ಇರವೇ ನಮಗೆ ತಿಳಿಯುವುದಿಲ್ಲ. ಆದರೆ ಕಾರಿಗೆ ಹತ್ತು ಹದಿನೈದು ವರ್ಷ ವಯಸ್ಸಾದ ಮೇಲೆ ಒಂದು ದಿನ ಹಿಡಿಯನ್ನು ಎಷ್ಟು ಎಳೆದರೂ ಬಾನೆಟ್ಟು ತೆರೆದುಕೊಳ್ಳುವುದಿಲ್ಲ. ಒಳಗೆ ರೇಡಿಯೇಟರಿನಲ್ಲಿ ನೀರು ಕುದಿಯುತ್ತಿರಬಹುದು. ಬ್ಯಾಟರಿಯ ತಂತಿ ಸುಟ್ಟು ಹೊಗೆಯಾಡುತ್ತಿರಬಹುದು. ಹೊರಗೆ ನಿಂತವನು ಅಸಹಾಯಕ.

ಇದಕ್ಕಿಂತಲೂ ಕೆಟ್ಟ ಸಂದರ್ಭ ಮತ್ತೊಂದುಂಟು. ಬಾನೆಟ್ಟು ಮುಚ್ಚಿಕೊಂಡಂತೆ ಕಾಣುತ್ತದೆ, ಆದರೆ ಕೊಂಡಿ ಸಿಕ್ಕಿಕೊಂಡಿರುವುದಿಲ್ಲ. ಕಾರು ವೇಗವಾಗಿ ಓಡುತ್ತಿರುವಾಗ ಮುಚ್ಚಳ ಮೇಲೆದ್ದು ಮುಂಗಾಜಿಗೆ ಅಪ್ಪಳಿಸುತ್ತದೆ. ಚಾಲಕನಿಗೆ ದಾರಿಯೇ ಕಾಣದಾಗುತ್ತದೆ. ತೆರೆಯದಿರುವುದು ತೊಂದರೆ, ಸರಿಯಾಗಿ ಮುಚ್ಚದಿರುವುದು ಅಪಾಯ. ಈ ಎರಡು ದೋಷಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಬಹುಮಟ್ಟಿಗೆ ಒಂದೇ ಕಾರಣದಿಂದ ಹುಟ್ಟುತ್ತವೆ. ಆ ಕಾರಣವೇ ಘರ್ಷಣೆ. ಪ್ರೌಢಶಾಲೆಯ ಪುಸ್ತಕದಲ್ಲಿ ಮರದ ತುಂಡೊಂದನ್ನು ಮೇಜಿನ ಮೇಲೆ ಎಳೆದು ಕಲಿಯುವ ನಿಯಮಗಳೇ ಈ ಕೊಂಡಿಯನ್ನೂ ಆಳುತ್ತಿವೆ. ಅದು ಹೇಗೆಂಬುದನ್ನು ಈಗ ನೋಡೋಣ.

ಕೊಂಡಿಯ ರಚನೆ

ಹಳೆಯ ಕಾರುಗಳ ಕೊಂಡಿಗಳು ಹಲವು ಬಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಎಂಬಲ್ಲಿ ತಯಾರಾದ ಎಂ.ಜಿ.ಬಿ. ಕಾರಿನಲ್ಲಿ ಇರುವಂಥದು ಬಹಳ ಸರಳವಾದುದು. ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. ಬಾನೆಟ್ಟಿನ ಒಳಮೈಯಿಂದ ಉಕ್ಕಿನ ಗೂಟವೊಂದು ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಅದರ ತುದಿ ಶಂಕುವಿನಂತೆ ಚೂಪು. ತುದಿಯ ಮೇಲುಗಡೆ ಕುತ್ತಿಗೆಯಂತೆ ಸಣ್ಣಗಾಗಿರುತ್ತದೆ. ಗೂಟದ ಸುತ್ತಲೂ ಬಲವಾದ ಸುರುಳಿ ಸ್ಪ್ರಿಂಗು. ಕಾರಿನ ಒಡಲಿನಲ್ಲಿ ಈ ಗೂಟಕ್ಕೆ ಎದುರಾಗಿ ಒಂದು ತೂತು, ತೂತಿನ ಕೆಳಗೆ ಅಡ್ಡಲಾಗಿ ಜಾರುವ ಒಂದು ತಗಡು. ತಗಡನ್ನು ಮತ್ತೊಂದು ಚಿಕ್ಕ ಸ್ಪ್ರಿಂಗು ಸದಾ ಒಂದು ಕಡೆಗೆ ಎಳೆದು ಹಿಡಿದಿರುತ್ತದೆ.

ಬಾನೆಟ್ಟನ್ನು ಮುಚ್ಚಿದಾಗ ಗೂಟದ ಚೂಪು ತುದಿ ಬೆಣೆಯಂತೆ ವರ್ತಿಸಿ ತಗಡನ್ನು ಪಕ್ಕಕ್ಕೆ ಸರಿಸುತ್ತದೆ. ತುದಿ ದಾಟಿದೊಡನೆಯೇ ಚಿಕ್ಕ ಸ್ಪ್ರಿಂಗು ತಗಡನ್ನು ಹಿಂದಕ್ಕೆ ಎಳೆದು ಗೂಟದ ಕುತ್ತಿಗೆಯನ್ನು ಹಿಡಿಯುವಂತೆ ಮಾಡುತ್ತದೆ. ನಮಗೆ ಕೇಳಿಸುವ ‘ಟಕ್’ ಎಂಬ ಸದ್ದು ಇದೇ. ತೆರೆಯಬೇಕಾದಾಗ ಚಾಲಕನು ಒಳಗಿನ ಹಿಡಿಯನ್ನು ಎಳೆಯುತ್ತಾನೆ. ಹಿಡಿಗೆ ಕಟ್ಟಿದ ತಂತಿ ತಗಡನ್ನು ಸರಿಸುತ್ತದೆ. ಗೂಟ ಬಿಡುಗಡೆ ಹೊಂದುತ್ತದೆ. ದೊಡ್ಡ ಸ್ಪ್ರಿಂಗು ಬಾನೆಟ್ಟನ್ನು ಎರಡು ಬೆರಳಷ್ಟು ಮೇಲಕ್ಕೆ ಎತ್ತುತ್ತದೆ. ಅಲ್ಲಿ ಕಾವಲು ಕೊಂಡಿಯೊಂದು ಅದನ್ನು ತಡೆದು ನಿಲ್ಲಿಸುತ್ತದೆ. ಅಂಚಿನ ಕೆಳಗೆ ಬೆರಳು ತೂರಿಸಿ ಈ ಎರಡನೆಯ ಕೊಂಡಿಯನ್ನು ಬಿಡಿಸಿದ ಮೇಲೆಯೇ ಬಾನೆಟ್ಟು ಪೂರ್ಣವಾಗಿ ತೆರೆದುಕೊಳ್ಳುತ್ತದೆ.

ನಮ್ಮ ದೇಶದಲ್ಲಿ 1983ರಿಂದ 2014ರವರೆಗೆ ತಯಾರಾದ, ಇಂದಿಗೂ ನಮ್ಮ ಊರುಗಳ ಬೀದಿಗಳಲ್ಲಿ ಅಲ್ಲಲ್ಲಿ ಕಾಣಸಿಗುವ ಮಾರುತಿ 800ರಲ್ಲಿಯೂ ಒಳಗಿನಿಂದ ಎಳೆಯುವ ತಂತಿ, ಮುಂತುದಿಯ ಕೊಂಡಿ, ಅದರ ಜೊತೆಗೆ ಕಾವಲು ಕೊಂಡಿ ಎಂಬ ಇದೇ ಏರ್ಪಾಡು ಉಂಟು. ಆಕಾರಗಳು ಬೇರೆಯಾದರೂ ತತ್ತ್ವ ಒಂದೇ.

ಹೊರೆ ಹೆಚ್ಚಿದಷ್ಟೂ ಘರ್ಷಣೆ

ಎರಡು ಮೈಗಳು ಒಂದರ ಮೇಲೊಂದು ಜಾರುವಾಗ ಹುಟ್ಟುವ ಘರ್ಷಣೆಯ ಬಲ, ಆ ಮೈಗಳನ್ನು ಒತ್ತುತ್ತಿರುವ ಬಲಕ್ಕೆ ಅನುಪಾತದಲ್ಲಿರುತ್ತದೆ. ಫ್ರಾನ್ಸಿನ ಅಮಾಂಟನ್ 1699ರಲ್ಲಿ ಇದನ್ನು ಸಾರಿದನು. ವಿದ್ಯುತ್ತಿನ ನಿಯಮದಿಂದ ನಮಗೆಲ್ಲ ಪರಿಚಿತನಾದ ಕೂಲಂಬನು 1785ರಲ್ಲಿ ಪ್ರಕಟಿಸಿದ ತನ್ನ ಪ್ರಯೋಗಗಳಿಂದ ಇದನ್ನು ವಿಸ್ತರಿಸಿದನು. ಘರ್ಷಣೆಯ ಬಲವನ್ನು ಒತ್ತುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣಾಂಕ. ಎಣ್ಣೆ ಸವರಿದ ಉಕ್ಕಿನ ಮೈಗಳಿಗೆ ಇದು ಸುಮಾರು 0.1. ಎಣ್ಣೆ ಒಣಗಿ, ಧೂಳು ತುಂಬಿ, ತುಕ್ಕು ಹಿಡಿದ ಮೈಗಳಿಗೆ 0.3 ಅಥವಾ ಅದಕ್ಕಿಂತಲೂ ಹೆಚ್ಚು.

ನಮ್ಮ ಕೊಂಡಿಗೆ ಇದನ್ನು ಅನ್ವಯಿಸೋಣ. ಲೆಕ್ಕಕ್ಕಾಗಿ ದೊಡ್ಡ ಸ್ಪ್ರಿಂಗೂ ಬಾನೆಟ್ಟಿನ ಅಂಚಿನ ರಬ್ಬರ್ ಮೆತ್ತೆಗಳೂ ಸೇರಿ ಗೂಟವನ್ನು 200 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆಯುತ್ತಿವೆ ಎಂದಿಟ್ಟುಕೊಳ್ಳೋಣ. ಗೂಟದ ತಲೆಗೂ ಒಡಲಿನ ಆಸರೆಗೂ ನಡುವೆ ತಗಡು ಸಿಕ್ಕಿಬಿದ್ದಿರುವುದರಿಂದ ಅದರ ಮೇಲುಮೈ, ಕೆಳಮೈ ಎರಡರಲ್ಲೂ ಘರ್ಷಣೆ ಉಂಟಾಗುತ್ತದೆ. ಎಣ್ಣೆಯಿರುವಾಗ ತಗಡನ್ನು ಸರಿಸಲು ಬೇಕಾದ ಬಲ 200ರ ಹತ್ತನೆಯ ಒಂದು ಭಾಗದ ಇಮ್ಮಡಿ, ಎಂದರೆ 40 ನ್ಯೂಟನ್. ಘರ್ಷಣಾಂಕ 0.3 ಆದರೆ 120 ನ್ಯೂಟನ್. ಇಲ್ಲಿಗೆ ಬಲ ಮೂರು ಪಟ್ಟಾಯಿತು. ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕೈಯಿಂದ ಕೊಂಡಿಯವರೆಗೆ ಈ ಬಲವನ್ನು ಒಯ್ಯುವ ತಂತಿಯದೇ ಒಂದು ಪ್ರತ್ಯೇಕ ಅಧ್ಯಾಯ.

ಬಾಗಿದ ತಂತಿಯ ಗುಣಾಕಾರ

ಸೈಕಲ್ಲಿನ ತಂತಿ ಬ್ರೇಕನ್ನು ನೋಡದವರಿಲ್ಲ. ಹೊರಗೆ ಬಾಗುವಂಥ ಕೊಳವೆ, ಒಳಗೆ ಹೆಣೆದ ಉಕ್ಕಿನ ತಂತಿ. ಕೊಳವೆಯ ಎರಡು ತುದಿಗಳನ್ನೂ ಅಲುಗಾಡದಂತೆ ಬಿಗಿದರೆ ತಂತಿಯ ಎಳೆತವು ಎಷ್ಟು ತಿರುವುಗಳಿದ್ದರೂ ಅವನ್ನು ಬಳಸಿಕೊಂಡು ಹೋಗಿ ಮತ್ತೊಂದು ತುದಿಯನ್ನು ತಲಪುತ್ತದೆ. ತಂತಿಯಲ್ಲಿ ಎಳೆತವಿದ್ದಷ್ಟೂ ಕೊಳವೆಯಲ್ಲಿ ಒತ್ತಡವಿರುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದೊಂದು ಸೊಗಸಾದ ನಿದರ್ಶನ. ಅರ್ನೆಸ್ಟ್ ಮಾನಿಂಗ್ಟನ್ ಬೌಡೆನ್ ಎಂಬುವನು 1896ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಪೇಟೆಂಟು ಪಡೆದನು. ಆದುದರಿಂದ ಇದನ್ನು ಬೌಡೆನ್ ತಂತಿ ಎನ್ನುತ್ತಾರೆ. ಬಾನೆಟ್ಟಿನ ಹಿಡಿಗೂ ಕೊಂಡಿಗೂ ನಡುವೆ ಇರುವುದು ಇದೇ.

ತಂತಿಯು ತಿರುವಿನಲ್ಲಿ ಕೊಳವೆಯ ಒಳಮೈಯನ್ನು ಒತ್ತುತ್ತದೆ, ಒತ್ತಿದಲ್ಲೆಲ್ಲ ಘರ್ಷಣೆ. ಇದರ ಪರಿಣಾಮವನ್ನು ತಿಳಿಯಲು ಮಂಗಳೂರಿನ ಬಂದರಿನಲ್ಲಿ ದೋಣಿ ಕಟ್ಟುವವನನ್ನು ನೆನೆದರೆ ಸಾಕು. ಅವನು ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ ಕೊನೆಯನ್ನು ಸುಮ್ಮನೆ ಕೈಯಲ್ಲಿ ಹಿಡಿದಿರುತ್ತಾನೆ. ಅಷ್ಟರಿಂದಲೇ ದೊಡ್ಡ ದೋಣಿ ನಿಲ್ಲುತ್ತದೆ. ಘರ್ಷಣಾಂಕ 0.3 ಆದರೆ ಒಂದು ಸುತ್ತಿಗೆ ಬಲ ಸುಮಾರು 6.6 ಪಟ್ಟಾಗುತ್ತದೆ, ಎರಡು ಸುತ್ತಿಗೆ 13 ಪಟ್ಟಲ್ಲ, 43 ಪಟ್ಟು! ಪ್ರತಿಯೊಂದು ಸುತ್ತೂ ಹಿಂದಿನದಕ್ಕೆ ಕೂಡಿಕೊಳ್ಳುವುದಿಲ್ಲ, ಅದನ್ನು ಗುಣಿಸುತ್ತದೆ. ಈ ನಿಯಮವನ್ನು ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರನು ಕಂಡುಹಿಡಿದನು. ಇದರಲ್ಲಿ ಬರುವುದು ಒಟ್ಟು ತಿರುಗಿದ ಕೋನ ಮತ್ತು ಘರ್ಷಣಾಂಕ ಮಾತ್ರ. ತಿರುವಿನ ತ್ರಿಜ್ಯ ಬರುವುದೇ ಇಲ್ಲವೆಂಬುದು ಗಮನಾರ್ಹ.

ದೋಣಿಯವನಿಗೆ ಉಪಕಾರಿಯಾದ ಈ ಗುಣಾಕಾರ ನಮಗೆ ವೈರಿ. ಹಿಡಿಯಿಂದ ಕೊಂಡಿಯವರೆಗೆ ತಂತಿಯು ಒಟ್ಟು 270 ಡಿಗ್ರಿ, ಎಂದರೆ ಮುಕ್ಕಾಲು ಸುತ್ತು, ಬಾಗಿದೆ ಎಂದು ಭಾವಿಸೋಣ. ಎಣ್ಣೆಯಿರುವ ತಂತಿಯಲ್ಲಿ ಕೈಯ ಬಲವು ಕೊಂಡಿಯ ಬಲದ 1.6 ಪಟ್ಟಿದ್ದರೆ ಸಾಕು. ಒಣಗಿದ ತಂತಿಯಲ್ಲಿ, ಘರ್ಷಣಾಂಕ 0.3 ಆದಾಗ, 4.1 ಪಟ್ಟು ಬೇಕು. ಈಗ ಎರಡು ಲೆಕ್ಕಗಳನ್ನೂ ಸೇರಿಸಿ ನೋಡಿರಿ. ಹೊಸ ಕಾರಿನಲ್ಲಿ ಕೈ ಎಳೆಯಬೇಕಾದುದು 40ರ 1.6 ಪಟ್ಟು, ಎಂದರೆ 64 ನ್ಯೂಟನ್. ಆರೂವರೆ ಕಿಲೋಗ್ರಾಂ ತೂಕವನ್ನು ಎತ್ತುವಷ್ಟು. ಹಳೆಯ ಕಾರಿನಲ್ಲಿ 120ರ 4.1 ಪಟ್ಟು, ಸುಮಾರು 490 ನ್ಯೂಟನ್. ಐವತ್ತು ಕಿಲೋಗ್ರಾಂ ಅಕ್ಕಿಯ ಮೂಟೆಯನ್ನು ಎತ್ತುವಷ್ಟು! ಘರ್ಷಣಾಂಕ ಮೂರು ಪಟ್ಟಾಯಿತು; ಕೈಗೆ ಬಿದ್ದ ಹೊರೆ ಸುಮಾರು ಎಂಟು ಪಟ್ಟಾಯಿತು. ಹಿಡಿ ಕಿತ್ತು ಕೈಗೆ ಬರುವುದೂ ತಂತಿ ತುಂಡಾಗುವುದೂ ಇಂಥ ಸಮಯದಲ್ಲಿಯೇ.

ಮುಚ್ಚಿಕೊಳ್ಳದ ಕೊಂಡಿ

ಹಿಡಿಯನ್ನು ಎಳೆಯಲು ಮನುಷ್ಯನ ತೋಳಿದೆ. ಹಿಡಿಯನ್ನು ಬಿಟ್ಟಾಗ ತಗಡನ್ನು ಸ್ವಸ್ಥಾನಕ್ಕೆ ಮರಳಿಸಲು ಇರುವುದು ಚಿಕ್ಕ ಸ್ಪ್ರಿಂಗು ಮಾತ್ರ. ಅದು ತಗಡಿನ ಜೊತೆಗೆ ಇಡೀ ತಂತಿಯನ್ನೂ ಹಿಡಿಯನ್ನೂ ಹಿಂದಕ್ಕೆ ಎಳೆಯಬೇಕು. ಹಿಡಿಯ ತುದಿಯಲ್ಲಿ ಕೇವಲ 5 ನ್ಯೂಟನ್ ಪ್ರತಿರೋಧವಿದ್ದರೆ ಎಣ್ಣೆಯಿರುವ ತಂತಿಯಲ್ಲಿ ಸ್ಪ್ರಿಂಗಿನ ತುದಿಯಲ್ಲಿ ಬೇಕಾದುದು 8 ನ್ಯೂಟನ್, ಒಣ ತಂತಿಯಲ್ಲಿ 20 ನ್ಯೂಟನ್‌ಗಿಂತ ಹೆಚ್ಚು. ಸ್ಪ್ರಿಂಗಿನ ಬಲ 15 ನ್ಯೂಟನ್ ಆಗಿದ್ದರೆ ಮೊದಲನೆಯ ಸಂದರ್ಭದಲ್ಲಿ ಕೊಂಡಿ ಚುರುಕಾಗಿ ಮರಳುತ್ತದೆ, ಎರಡನೆಯದರಲ್ಲಿ ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ. ಆಗ ಬಾನೆಟ್ಟನ್ನು ಎಷ್ಟು ರಭಸದಿಂದ ಬಡಿದು ಮುಚ್ಚಿದರೂ ಗೂಟದ ಕುತ್ತಿಗೆಯನ್ನು ಹಿಡಿಯಲು ತಗಡೇ ಅಲ್ಲಿರುವುದಿಲ್ಲ. ಬಡಿಯುವುದರಿಂದ ಸದ್ದು ಹೆಚ್ಚುತ್ತದೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ.

ಹೀಗೆ ಅರೆಹಿಡಿದ ಬಾನೆಟ್ಟಿನ ಮೇಲೆ ಗಾಳಿ ಏನು ಮಾಡುತ್ತದೆ? ಕಾರು ಮುನ್ನುಗ್ಗುವಾಗ ಬಾನೆಟ್ಟಿನ ಮುಂಚಿನ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ತಗ್ಗುತ್ತದೆ. ಜಾಲರಿಯ ಮೂಲಕ ಒಳನುಗ್ಗಿದ ಗಾಳಿ ಕೆಳಗಿನಿಂದ ಒತ್ತುತ್ತದೆ. ಗಾಳಿಯ ಈ ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಚದರ ಮೀಟರಿಗೆ ಸುಮಾರು 74 ನ್ಯೂಟನ್; 80 ಕಿಲೋಮೀಟರ್ ವೇಗದಲ್ಲಿ ಅದರ ನಾಲ್ಕು ಪಟ್ಟು, ಸುಮಾರು 296 ನ್ಯೂಟನ್. ಒಂದು ಚದರ ಮೀಟರ್ ಹರವಿನ ಬಾನೆಟ್ಟು ಒಮ್ಮೆ ಬಾಯಿಬಿಟ್ಟು ಗಾಳಿಗೆ ಎದುರಾದರೆ ಮೂವತ್ತು ಕಿಲೋಗ್ರಾಂ ತೂಕವನ್ನು ಎತ್ತಬಲ್ಲ ಬಲ ಅದನ್ನು ಹಿಂದಕ್ಕೆ ಮಗುಚಲು ಸಿದ್ಧವಾಗಿರುತ್ತದೆ. ಪೇಟೆಯೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದ ಬಾನೆಟ್ಟು ಹೆದ್ದಾರಿಯಲ್ಲಿ ಹಠಾತ್ತನೆ ಹಾರುವುದರ ಗುಟ್ಟು ಈ ವರ್ಗನಿಯಮದಲ್ಲಿದೆ.

ಕಾವಲು ಕೊಂಡಿಯನ್ನು ಇಟ್ಟಿರುವುದು ಇದಕ್ಕಾಗಿಯೇ. ಅಮೆರಿಕದಲ್ಲಿ 1969ರಲ್ಲಿ ಜಾರಿಗೆ ಬಂದ ಸುರಕ್ಷತಾ ನಿಯಮವೊಂದು, ತೆರೆದುಕೊಂಡಾಗ ಚಾಲಕನ ನೋಟಕ್ಕೆ ಅಡ್ಡಬರುವ ಬಾನೆಟ್ಟುಗಳಿಗೆ ಎರಡನೆಯ ಹಿಡಿತವಿರಲೇಬೇಕೆಂದು ವಿಧಿಸಿತು. ಈ ಕಷ್ಟವನ್ನು ಬೇರೊಂದು ರೀತಿಯಲ್ಲಿ ನಿವಾರಿಸಿದವರೂ ಉಂಟು. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಬಾನೆಟ್ಟಿಗೆ ಕೀಲು ಮುಂಭಾಗದಲ್ಲಿತ್ತು. ಎರಡು ಪಕ್ಕಗಳ ಕೊಂಡಿಗಳನ್ನು ಬಿಡಿಸಿ ಇಡೀ ಮೂತಿಯನ್ನು ಮುಂದಕ್ಕೆ ವಾಲಿಸಬೇಕಾಗಿತ್ತು. ಅಂಥ ಬಾನೆಟ್ಟನ್ನು ಎದುರುಗಾಳಿ ತೆರೆಯಲಾರದು, ಮುಚ್ಚಲೇ ನೋಡುತ್ತದೆ.

ತುಕ್ಕು, ಧೂಳು, ಹಳಸಿದ ಗ್ರೀಸು

ಘರ್ಷಣಾಂಕ ಏರುವುದು ಏಕೆ? ಕೊಂಡಿಯ ಸ್ಥಾನವೇ ಅದಕ್ಕೆ ಮೊದಲ ಕಾರಣ. ಅದು ಕಾರಿನ ಮೂಗಿನ ತುದಿಯಲ್ಲಿದೆ. ಮಳೆ, ಕೆಸರು, ಧೂಳು ಎಲ್ಲವೂ ಮೊದಲು ಬಡಿಯುವುದು ಅಲ್ಲಿಗೇ. ಗ್ರೀಸೆಂಬುದು ಸಾಬೂನಿನಂಥ ಒಂದು ಪದಾರ್ಥದ ಜಾಲದಲ್ಲಿ ಎಣ್ಣೆಯನ್ನು ಹಿಡಿದಿಟ್ಟಿರುವ ವಸ್ತು; ಸ್ಪಂಜಿನಲ್ಲಿ ನೀರಿದ್ದಂತೆ. ಎಂಜಿನಿನ ಶಾಖದಿಂದ ಎಣ್ಣೆ ಮೆಲ್ಲಮೆಲ್ಲನೆ ಹೊರಬಿದ್ದು, ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ಉಳಿದ ಜಾಲ ಧೂಳನ್ನು ಹೀರಿಕೊಂಡು ಮೇಣದಂತಾಗುತ್ತದೆ. ಜಾರಿಸಬೇಕಾದ ವಸ್ತುವೇ ಅಂಟಾಗಿ ಪರಿಣಮಿಸುತ್ತದೆ.

ತುಕ್ಕು ಇನ್ನೂ ಹಠಮಾರಿ. ಕಬ್ಬಿಣವು ನೀರು, ಆಮ್ಲಜನಕಗಳೊಡನೆ ಸೇರಿ ತುಕ್ಕಾದಾಗ ಅದರ ಗಾತ್ರ ಮೊದಲಿನ ಎರಡು ಮೂರು ಪಟ್ಟಾಗುತ್ತದೆ. ಕೊಂಡಿಯ ಕೀಲಿಗೂ ಅದರ ತೂತಿಗೂ ನಡುವೆ ಇರುವ ಬಿಡುವು ಕೂದಲೆಳೆಯಷ್ಟು ಮಾತ್ರ. ಉಬ್ಬಿದ ತುಕ್ಕು ಆ ಬಿಡುವನ್ನು ತುಂಬಿ ಬೆಣೆ ಹೊಡೆದಂತೆ ಬಿಗಿಯುತ್ತದೆ. ಸಮುದ್ರದ ಉಪ್ಪುಗಾಳಿ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಆದುದರಿಂದ ಕಾರವಾರದ ಕಾರಿಗೆ ಕಲಬುರಗಿಯ ಕಾರಿಗಿಂತ ಈ ಕಾಯಿಲೆ ಬೇಗ ಬರುತ್ತದೆ.

ತೆರೆಯುವ ಉಪಾಯ

ಕಚ್ಚಿಕೊಂಡ ಬಾನೆಟ್ಟನ್ನು ತೆರೆಯಲು ಬಲಕ್ಕಿಂತ ಅಮಾಂಟನ್ನನ ನಿಯಮವೇ ಮೇಲು. ಒತ್ತುವ ಬಲ ಕಡಮೆಯಾದರೆ ಘರ್ಷಣೆಯೂ ಕಡಮೆಯಾಗಲೇಬೇಕಷ್ಟೆ. ಒಬ್ಬನು ಕೊಂಡಿಯಿರುವೆಡೆಯಲ್ಲಿ ಬಾನೆಟ್ಟಿನ ಮೇಲೆ ಎರಡು ಅಂಗೈಗಳನ್ನೂ ಅಗಲವಾಗಿ ಊರಿ ಕೆಳಕ್ಕೆ ಒತ್ತಲಿ. ಅದೇ ಹೊತ್ತಿಗೆ ಮತ್ತೊಬ್ಬನು ಹಿಡಿಯನ್ನು ಎಳೆಯಲಿ. ಕೈಗಳ ಒತ್ತು 150 ನ್ಯೂಟನ್ ಆದರೆ ಗೂಟದ ಮೇಲಿನ ಬಲ 200ರಿಂದ 50ಕ್ಕೆ ಇಳಿಯುತ್ತದೆ. ಒಣಗಿದ ತಗಡಿಗೆ ಈಗ ಬೇಕಾದುದು 120ರ ಬದಲು 30 ನ್ಯೂಟನ್. ಹಿಡಿಯಲ್ಲಿ ಬೇಕಾದುದು 490ರ ಬದಲು ಸುಮಾರು 123 ನ್ಯೂಟನ್. ತುಕ್ಕೂ ಹೋಗಿಲ್ಲ, ಎಣ್ಣೆಯೂ ಬಿದ್ದಿಲ್ಲ. ಆದರೂ ಕೆಲಸ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಿತು. ತೆರೆಯಬೇಕಾದ ಮುಚ್ಚಳವನ್ನು ಕೆಳಕ್ಕೆ ಒತ್ತುವುದು ಮೇಲುನೋಟಕ್ಕೆ ವಿಪರೀತವೆನಿಸಿದರೂ ಯುಕ್ತಿಯುಕ್ತವಾದುದು.

ಹಿಡಿ ಸಡಿಲವಾಗಿ ಬಂದು ಕೊಂಡಿ ಕದಲದಿದ್ದರೆ ತಂತಿ ತುಂಡಾಗಿರಬಹುದು. ಹಿಡಿಯ ಬಳಿಯೇ ತುಂಡಾಗಿದ್ದರೆ ಉಳಿದ ತುದಿಯನ್ನು ಇಕ್ಕಳದಿಂದ ಹಿಡಿದು ಎಳೆಯಬಹುದು. ಕೊಳವೆಯ ತುದಿಯನ್ನು ಬಿಗಿದ ಪಟ್ಟಿ ಸಡಿಲವಾಗಿ ಕೊಳವೆಯೇ ತಂತಿಯೊಡನೆ ಚಲಿಸುತ್ತಿರುವುದೂ ಸಾಧ್ಯ. ಆಗ ಎಳೆತವೆಲ್ಲ ಕೊಳವೆಯನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಕೊಳವೆಯನ್ನು ಒಂದು ಕೈಯಲ್ಲಿ ಬಿಗಿಹಿಡಿದು ಮತ್ತೊಂದು ಕೈಯಿಂದ ತಂತಿಯನ್ನು ಎಳೆದರೆ ಕೆಲಸವಾಗುತ್ತದೆ.

ಶಾಶ್ವತ ಚಿಕಿತ್ಸೆ

ಬಾನೆಟ್ಟು ತೆರೆದ ಮೇಲೆ, ಎಂಜಿನು ಆರಿ ತಣ್ಣಗಾಗಿರುವಾಗ, ಆಸರೆಯ ಕೋಲನ್ನು ಭದ್ರವಾಗಿ ನಿಲ್ಲಿಸಿ ಕೆಲಸಕ್ಕೆ ತೊಡಗಬೇಕು. ಮೊದಲು ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು ಬಟ್ಟೆಯಿಂದ ಒರಸಬೇಕು. ಹಳೆಯದರ ಮೇಲೆ ಹೊಸ ಗ್ರೀಸನ್ನು ಬಳಿದರೆ ಧೂಳಿಗೆ ಮತ್ತೊಂದು ಹಾಸಿಗೆ ಸಿದ್ಧವಾದಂತೆ. ಕೊಂಡಿಯ ಭಾಗಗಳಿಗೆ ಸತುವಿನ ಲೇಪವಿರುವುದುಂಟು. ಅರದಿಂದ ಉಜ್ಜಿದರೆ ಆ ರಕ್ಷಣೆ ಹೋಗಿ ತುಕ್ಕು ಇಮ್ಮಡಿಯಾಗಿ ಮರಳುತ್ತದೆ.

ಬಿಗಿದುಕೊಂಡ ಕೀಲಿಗೆ ಬೇಕಾದುದು ತೀರ ತೆಳುವಾದ ಎಣ್ಣೆ. ಸ್ನಿಗ್ಧತೆ ಕಡಮೆಯಿರುವ ದ್ರವವು ಕೇಶಾಕರ್ಷಣೆಯಿಂದ ಕೂದಲೆಳೆಯಂಥ ಸಂದಿಗಳೊಳಗೂ ತಾನಾಗಿ ಹೊಕ್ಕುತ್ತದೆ. ಸಂದಿ ಕಿರಿದಾದಷ್ಟೂ ಆ ಆಕರ್ಷಣೆ ಹೆಚ್ಚು, ಆದರೆ ಹರಿವು ನಿಧಾನ. ಆದುದರಿಂದ ಎಣ್ಣೆ ಹಾಕಿ ಅರ್ಧ ಗಂಟೆ ಕಾಯಬೇಕು. ಬಳಿಕ ಕೊಂಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಡಬ್ಲ್ಯು.ಡಿ.-40 ಎಂಬ ದ್ರವವನ್ನು ಇದಕ್ಕೆ ಬಳಸುವುದುಂಟು. ನೀರನ್ನು ಹೊರದೂಡುವುದಕ್ಕೆಂದು ಅದು ರೂಪುಗೊಂಡಿತು. ನಲವತ್ತನೆಯ ಪ್ರಯತ್ನದಲ್ಲಿ ಫಲಿಸಿದುದರಿಂದ ಆ ಹೆಸರು. ಅದು ಸಡಿಲಗೊಳಿಸುತ್ತದೆ, ಆದರೆ ಅದರ ತೆಳುವಾದ ಪೊರೆ ಮಳೆಗಾಲವನ್ನೆಲ್ಲ ತಾಳಲಾರದು. ಕೀಲು ಸಡಿಲವಾದ ಮೇಲೆ ಅದನ್ನು ಒರಸಿ, ಜಾರುವ ಮೈಗಳಿಗೆ ಹೊಸ ಗ್ರೀಸನ್ನು ತೆಳುವಾಗಿ ಲೇಪಿಸಬೇಕು.

ಅಡಿಗೆಮನೆಯ ಎಣ್ಣೆಗಳು ಇಲ್ಲಿ ಕೂಡದು. ಕಡಲೆಕಾಯಿ ಎಣ್ಣೆಯಂಥವು ಗಾಳಿಗೆ ಜಿಗುಟಾಗುತ್ತವೆ. ಕೊಬ್ಬರಿ ಎಣ್ಣೆ ಸುಮಾರು 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗ್ಗೆ ಬೆಂಗಳೂರಿನ ಸ್ನಾನದಮನೆಯಲ್ಲಿ ಕಾಣುವ ದೃಶ್ಯವೇ ಕೊಂಡಿಯೊಳಗೂ ನಡೆಯುತ್ತದೆ.

ತಂತಿಗೆ ಎಣ್ಣೆ ಹಾಕುವ ಬಗೆ ಸೈಕಲ್ ಅಂಗಡಿಯವರಿಗೆಲ್ಲ ಗೊತ್ತಿದೆ. ಕೊಳವೆಯ ಒಂದು ತುದಿಯನ್ನು ಬಿಡಿಸಿ ಮೇಲೆತ್ತಿ ಹಿಡಿದು, ಜೇಡಿಮಣ್ಣಿನಿಂದ ಸಣ್ಣ ಬಟ್ಟಲಿನಂತೆ ಕಟ್ಟಿ, ಹೊಲಿಗೆಯಂತ್ರದ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಡಬೇಕು. ಗುರುತ್ವವೂ ಕೇಶಾಕರ್ಷಣೆಯೂ ಸೇರಿ ಅದನ್ನು ಮತ್ತೊಂದು ತುದಿಗೆ ಇಳಿಸುತ್ತವೆ. ತಂತಿಯ ಎಳೆಗಳು ಬಿಚ್ಚಿಕೊಂಡಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ. ಹೊಸ ತಂತಿಯನ್ನೇ ಹಾಕಬೇಕು. ಹಾಕುವಾಗ ಅನಗತ್ಯವಾದ ತಿರುವುಗಳನ್ನು ತಪ್ಪಿಸಬೇಕು. ಪ್ರತಿಯೊಂದು ತಿರುವೂ ಗುಣಾಕಾರವೆಂಬುದನ್ನು ಆಗಲೇ ನೋಡಿದ್ದೇವೆ.

ಕೊನೆಯದು ಗೂಟದ ಉದ್ದ. ಗೂಟಕ್ಕೆ ತಿರುಪಿನ ಹಲ್ಲುಗಳಿದ್ದು ಅದನ್ನು ಏರಿಸಿ ಇಳಿಸಬಹುದು. ಗೂಟ ತೀರ ಗಿಡ್ಡವಾದರೆ ಬಾನೆಟ್ಟು ರಬ್ಬರ್ ಮೆತ್ತೆಗಳ ಮೇಲೆ ಅತಿಯಾಗಿ ಅಮುಕಿ ಕೊಂಡಿಯ ಮೇಲಿನ ಹೊರೆ ಹೆಚ್ಚುತ್ತದೆ. ತೀರ ಉದ್ದವಾದರೆ ಬಾನೆಟ್ಟು ಗಡಗಡ ಅಲುಗುತ್ತದೆ. ಅಲುಗದಷ್ಟು ಬಿಗಿ, ಅದಕ್ಕಿಂತ ಹೆಚ್ಚಲ್ಲದಷ್ಟು ಸಡಿಲ, ಇದೇ ಸರಿಯಾದ ಸ್ಥಾನ.

ಇಷ್ಟೆಲ್ಲ ಆದಮೇಲೆ ಬಾನೆಟ್ಟನ್ನು ಒಡನೆಯೇ ಮುಚ್ಚುವುದು ಜಾಣತನವಲ್ಲ. ತೆರೆದಿರುವಾಗಲೇ ಒಬ್ಬನು ಹಿಡಿಯನ್ನು ಎಳೆದು ಬಿಡಲಿ. ಮತ್ತೊಬ್ಬನು, ಬೆರಳನ್ನು ದೂರವಿಟ್ಟು, ತಗಡು ಪೂರ್ತಿಯಾಗಿ ಸರಿದು ಪೂರ್ತಿಯಾಗಿ ಮರಳುತ್ತಿದೆಯೇ ಎಂದು ನೋಡಲಿ. ಹತ್ತು ಸಲದಲ್ಲಿ ಹತ್ತು ಸಲವೂ ಮರಳಿದರೆ ಮಾತ್ರ ಮುಚ್ಚಬಹುದು. ಮುಚ್ಚಿದ ಮೇಲೆ ಹಿಡಿಯನ್ನು ಒಮ್ಮೆ ಎಳೆದು, ಎರಡು ಬೆರಳಷ್ಟು ಎದ್ದ ಬಾನೆಟ್ಟನ್ನು ಮೇಲಕ್ಕೆ ಎತ್ತಿ ನೋಡಬೇಕು. ಕಾವಲು ಕೊಂಡಿ ಅದನ್ನು ತಡೆಯಬೇಕು. ತಡೆಯದಿದ್ದರೆ ಆ ಕಾರು ಅಂದು ಹೆದ್ದಾರಿಗೆ ಹೋಗತಕ್ಕದ್ದಲ್ಲ.